ಹಳದಿಯಾದ ಹಾಳೆ, ಚೌಕ ಬಿದ್ದ ಅಕ್ಷರ: ಹಳೆಯ ಕಂಪ್ಯೂಟರಿನ ಪರದೆಯನ್ನು ಸರಿಪಡಿಸಿದ ಬಗೆ

ಗಂಗಾವತಿಯಲ್ಲಿರುವ ನಮ್ಮ ಡಿಟಿಪಿ ಅಂಗಡಿಯಲ್ಲಿ 2010ರಲ್ಲಿ ಜೋಡಿಸಿದ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಇಂಟೆಲ್ ಕೋರ್ 2 ಡ್ಯುಯೊ ಪ್ರೊಸೆಸರ್, ಜಿ41 ಚಿಪ್‌ಸೆಟ್ಟಿನ ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 32 ಬಿಟ್‌ನ ವಿಂಡೋಸ್ 7, ಆಮೇಲೆ ಹಾಕಿಸಿಕೊಂಡ ಎನ್‌ವಿಡಿಯಾ ಜಿಫೋರ್ಸ್ 210 ಗ್ರಾಫಿಕ್ಸ್ ಕಾರ್ಡ್, ಇಷ್ಟು ಅದರ ಜಾತಕ. ಕಾರ್ಡಿಗೆ ಎರಡು ಮಾನಿಟರುಗಳಿವೆ. ವಿಜಿಎ ಕೇಬಲ್ಲಿನದು ನನ್ನ ಮುಂದಿದೆ. ಎಚ್‌ಡಿಎಂಐ ಕೇಬಲ್ಲಿನದು ಗಿರಾಕಿಗಳ ಕಡೆ ಮುಖ ಮಾಡಿದೆ. ಲಗ್ನಪತ್ರಿಕೆ ಮಾಡಿಸಲು ಬಂದ ಮನೆಯ ಹಿರಿಯರು ಆ ಎರಡನೆಯ ಪರದೆಯ ಮುಂದೆ ಕುಳಿತು, 'ಚಿ. ರಾ.' ಎಂಬಲ್ಲಿಂದ ಹಿಡಿದು 'ಸುಖಾಗಮನ ಬಯಸುವವರು' ಪಟ್ಟಿಯ ಕಡೆಯ ಹೆಸರಿನವರೆಗೆ ತಾವೇ ಓದಿ ತಿದ್ದಿಸುತ್ತಾರೆ. ಈ ಏರ್ಪಾಟು ಮಾಡಿದ ಮೇಲೆ ಅಚ್ಚಾದ ನಂತರ ಬರುತ್ತಿದ್ದ ತಕರಾರುಗಳು ಬಹುಮಟ್ಟಿಗೆ ನಿಂತವು. ಮದರ್‌ಬೋರ್ಡಿನಲ್ಲಿ ಇರುವುದು ಒಂದೇ ವಿಜಿಎ ಪೋರ್ಟ್ ಆದ್ದರಿಂದ, ಈ ಎರಡನೆಯ ಪರದೆಗಾಗಿಯೇ ಕಾರ್ಡನ್ನು ಹಾಕಿಸಬೇಕಾಯಿತು.

ಇಷ್ಟು ಹಳೆಯ ಯಂತ್ರವನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುವವರಿಗೆ ಉತ್ತರ ಅದರ ಹಿಂಬದಿಯಲ್ಲಿದೆ. ನಾವು ಬಳಸುವ ಅಕ್ಷರ ತಂತ್ರಾಂಶವೊಂದರ ಲಾಕ್ (ಇದನ್ನು ಸಿಕ್ಕಿಸದಿದ್ದರೆ ತಂತ್ರಾಂಶ ಓಡುವುದಿಲ್ಲ), ಹಳೆಯ ಪ್ರಿಂಟರುಗಳಿಗಿದ್ದ 25 ರಂಧ್ರಗಳ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವಂಥದ್ದು. ಈಗ ಅಂಗಡಿಯಲ್ಲಿ ಸಿಗುವ ಕಂಪ್ಯೂಟರುಗಳಲ್ಲಿ ಆ ಪೋರ್ಟ್ ಇರುವುದಿಲ್ಲ. ಅದೂ ಅಲ್ಲದೆ ವರ್ಷಗಟ್ಟಲೆ ಕೂಡಿಬಂದ ಲಗ್ನಪತ್ರಿಕೆಗಳು, ಅಕ್ಕಿ ಚೀಲಗಳ ಮೇಲಿನ ವಿನ್ಯಾಸಗಳು, ಜಾತ್ರೆಯ ಕರಪತ್ರಗಳು ಪುಟ ಮತ್ತು ಚಿತ್ರ ವಿನ್ಯಾಸದ ತಂತ್ರಾಂಶಗಳಾದ ಪೇಜ್‌ಮೇಕರ್ 7 ಮತ್ತು ಹಳೆಯ ಕೋರೆಲ್‌ಡ್ರಾ ಕಡತಗಳಲ್ಲಿವೆ. ಅವುಗಳಲ್ಲಿ ಹೆಚ್ಚಿನವು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲಿ, ಎಂದರೆ ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಇಟ್ಟ ಫಾಂಟುಗಳಲ್ಲಿ ಇರುವುದರಿಂದ, ಹೊಸ ಯಂತ್ರದಲ್ಲಿ ನೇರವಾಗಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ. ಹೋದ ವರ್ಷ ಹಿರಿಯ ಮಗನ ಮದುವೆಗೆ ಪತ್ರಿಕೆ ಮಾಡಿಸಿದವರು ಈ ವರ್ಷ ಕಿರಿಯ ಮಗನಿಗೆ 'ಅದೇ ನಮೂನೆ, ಹೆಸರಷ್ಟೇ ಬದಲು' ಎಂದು ಕೇಳುವ ಈ ವ್ಯಾಪಾರದಲ್ಲಿ ಹಳೆಯ ಕಡತವೇ ಬಂಡವಾಳ.

ಈ ಯಂತ್ರದ ಪರದೆಯ ತೊಂದರೆ ಬೇಸಿಗೆಯ ಮದುವೆಗಳ ಹಂಗಾಮಿನಲ್ಲಿ ಆರಂಭವಾಯಿತು. ನನ್ನ ಮಾನಿಟರಿನಲ್ಲಿ ಬಿಳಿಯ ಹಾಳೆ ಇದ್ದಕ್ಕಿದ್ದಂತೆ ಹಳದಿಗೆ ತಿರುಗುವುದು, ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿಹೋಗುವುದು ಒಂದು ಬಗೆ. ಕೋರೆಲ್‌ನಲ್ಲಿ ಗಣಪತಿಯ ಚಿತ್ರವನ್ನೋ ಅಂಚಿನ ಬಳ್ಳಿಯನ್ನೋ ದೊಡ್ಡದು ಮಾಡಿ ನೋಡುವಾಗ ಅಕ್ಷರಗಳ ಮೇಲೆ ಹಸಿರು, ನೇರಳೆ ಬಣ್ಣದ ಸಣ್ಣ ಸಣ್ಣ ಚೌಕಗಳು ಬೀಳುವುದು, ಒಮ್ಮೊಮ್ಮೆ ಪರದೆ ಪೂರ್ತಿ ಕಪ್ಪಾಗಿ ಒಂದೆರಡು ಗಳಿಗೆಯ ನಂತರ ಮರಳುವುದು, ಮರಳಿದಾಗ ಡಿಸ್‌ಪ್ಲೇ ಡ್ರೈವರ್ ಪ್ರತಿಕ್ರಿಯಿಸುವುದನ್ನು ನಿಲ್ಲಿಸಿ ಚೇತರಿಸಿಕೊಂಡಿದೆ ಎಂಬ ಸೂಚನೆ ಮೂಲೆಯಲ್ಲಿ ತೋರುವುದು ಇನ್ನೊಂದು ಬಗೆ. ಒಮ್ಮೆ ಕಾರಟಗಿ ಕಡೆಯಿಂದ ಬಂದ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಾಗಿ, "ಏನವ್ವಾ, ನಮ್ಮ ಹುಡುಗನ ಹೆಸರಿನ ಮ್ಯಾಲೆ ಇವೇನು ಚುಕ್ಕಿ? ಪ್ರಿಂಟೂ ಹಿಂಗ ಬರತೈತೇನು?" ಎಂದು ಕೇಳಿದರು. "ಇಲ್ಲರೀ ಯಜಮಾನ್ರ, ಅದು ಸ್ಕ್ರೀನಿನ ತೊಂದರಿ, ಪ್ರಿಂಟ್ ಸ್ವಚ್ಛ ಬರತೈತ್ರಿ" ಎಂದು ಹೇಳಿ, ಅವರಿಗೆ ಸಮಾಧಾನವಾಗದ ಕಾರಣ ಒಂದು ಪ್ರತಿಯನ್ನು ಪ್ರಿಂಟ್ ತೆಗೆದೇ ತೋರಿಸಬೇಕಾಯಿತು.

ಕೇಳಿದವರೆಲ್ಲ ಒಂದೊಂದು ಪರಿಹಾರ ಹೇಳಿದರು. ರಿಪೇರಿಯವರೊಬ್ಬರು ಯಂತ್ರವನ್ನು ತೆರೆದೂ ನೋಡದೆ, "ವೈರಸ್ ಇರಬೇಕು ಮೇಡಂ, ಫಾರ್ಮ್ಯಾಟ್ ಹೊಡೆದು ಬಿಡೋಣ" ಎಂದರು. ಮತ್ತೊಬ್ಬರು ಮಾನಿಟರ್ ಬದಲಿಸಿ ಎಂದರು, ಮಗದೊಬ್ಬರು ಯಂತ್ರವನ್ನೇ ಬದಲಿಸಿ ಎಂದರು. ಫಾರ್ಮ್ಯಾಟ್ ಎಂಬುದು ನಮ್ಮ ಯಂತ್ರಕ್ಕೆ ಸಣ್ಣ ಮಾತಲ್ಲ. ಫಾಂಟುಗಳು, ಲಾಕಿನ ಡ್ರೈವರ್, ಪ್ರಿಂಟರಿನ ಹೊಂದಾಣಿಕೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ಆದ್ದರಿಂದ ಯಾವ ಭಾಗವನ್ನೂ ಬದಲಿಸುವ ಮೊದಲು ದೋಷ ಎಲ್ಲಿದೆ ಎಂಬುದನ್ನು ನಾನೇ ಪತ್ತೆಹಚ್ಚಬೇಕೆಂದು ನಿಶ್ಚಯಿಸಿದೆ.

ಪರದೆಯ ಮೇಲೆ ಕಾಣುವ ಚಿತ್ರ ಒಂದು ದಾರಿಯಲ್ಲಿ ಸಾಗಿಬರುತ್ತದೆ. ಕೋರೆಲ್‌ನಂಥ ತಂತ್ರಾಂಶ ಏನನ್ನು ಬಿಡಿಸಬೇಕೆಂದು ಹೇಳುತ್ತದೆ. ಡ್ರೈವರ್ ಅದನ್ನು ಕಾರ್ಡಿಗೆ ತಿಳಿಯುವಂತೆ ಮಾಡುತ್ತದೆ. ಕಾರ್ಡಿನ ಚಿಪ್ ಚಿತ್ರವನ್ನು ಬಿಡಿಸಿ ತನ್ನದೇ ಮೆಮೊರಿಯಲ್ಲಿ ಇಡುತ್ತದೆ. ಅಲ್ಲಿಂದ ಅದು ಪೋರ್ಟಿನ ಮೂಲಕ ಕೇಬಲ್ಲಿಗಿಳಿದು, ಮಾನಿಟರಿನೊಳಗಿನ ಬೋರ್ಡನ್ನು ಹಾದು, ಕೊನೆಗೆ ಪ್ಯಾನೆಲ್ಲಿನ ಮೇಲೆ ಮೂಡುತ್ತದೆ. ಈ ದಾರಿಯ ಯಾವುದಾದರೊಂದು ಜಾಗದಲ್ಲಿ ನಿಂತು, ದೋಷ ಇದಕ್ಕಿಂತ ಹಿಂದಿದೆಯೋ ಮುಂದಿದೆಯೋ ಎಂದು ಕೇಳಿದರೆ ಹುಡುಕಬೇಕಾದ ಜಾಗ ಪ್ರತಿ ಸಲವೂ ಕಿರಿದಾಗುತ್ತ ಹೋಗುತ್ತದೆ. ನಮ್ಮಲ್ಲಿ ಎರಡು ಮಾನಿಟರುಗಳಿದ್ದದ್ದು ಇಲ್ಲಿ ದೊಡ್ಡ ಅನುಕೂಲವಾಯಿತು. ಇದನ್ನು ಮೊದಲು ಗಮನಿಸಿದವನು ನಮ್ಮಲ್ಲಿ ಕೆಲಸ ಮಾಡುವ ಹುಡುಗ. "ಅಕ್ಕಾರ, ನಿಮ್ಮ ಸ್ಕ್ರೀನಿನ್ಯಾಗ ಹಾಳಿ ಹಳದಿ ಕಾಣಾಕತ್ತೈತಿ, ಆ ಕಡೀದರಾಗ ಬೆಳ್ಳಗೇ ಐತಿ ನೋಡ್ರಿ" ಎಂದ. ಅದೇ ದಿನ ಚೌಕಗಳು ಬಿದ್ದಾಗ ನೋಡಿದರೆ ಅವು ಎರಡೂ ಪರದೆಗಳಲ್ಲಿ ಇದ್ದವು. ಎಂದರೆ ಹಳದಿಯ ದೋಷ ಎರಡು ದಾರಿಗಳು ಕವಲೊಡೆದ ನಂತರದ್ದು, ಚೌಕಗಳ ದೋಷ ಕವಲೊಡೆಯುವ ಮೊದಲಿನದು. ಒಂದೇ ರೋಗದ ಎರಡು ಲಕ್ಷಣಗಳೆಂದು ಎಲ್ಲರೂ ತಿಳಿದದ್ದು ಎರಡು ಬೇರೆ ರೋಗಗಳೆಂಬುದು ಅಲ್ಲಿಗೆ ಖಚಿತವಾಯಿತು.

ಹಳದಿಯದು ಸುಲಭವಾಗಿತ್ತು. ಮಾನಿಟರಿನ ಅಂಚಿನಲ್ಲಿರುವ ಗುಂಡಿ ಒತ್ತಿದರೆ ಬರುವ, ಬೆಳಕು ಮತ್ತು ಬಣ್ಣ ಹೊಂದಿಸುವ ಮೆನುವನ್ನು ಕಂಪ್ಯೂಟರ್ ಕಳಿಸುವುದಿಲ್ಲ. ಅದನ್ನು ಮಾನಿಟರಿನ ಸ್ವಂತ ಬೋರ್ಡೇ ಬಿಡಿಸುತ್ತದೆ. ಹಾಳೆ ಹಳದಿಯಾಗಿದ್ದ ಹೊತ್ತಿನಲ್ಲಿ ಆ ಮೆನುವನ್ನು ತೆರೆದಾಗ ಅದರ ಬಿಳಿಯ ಅಕ್ಷರಗಳು ಅಚ್ಚ ಬಿಳಿಯಾಗಿಯೇ ಇದ್ದವು. ಪ್ಯಾನೆಲ್ ನೀಲಿಯನ್ನು ತೋರಿಸಬಲ್ಲದು, ಆದರೆ ಅದಕ್ಕೆ ನೀಲಿ ಬಂದು ತಲುಪುತ್ತಿಲ್ಲ ಎಂಬುದು ಇದರಿಂದ ತಿಳಿಯಿತು. ಪರದೆಯ ಬಿಳಿ ಎಂದರೆ ಕೆಂಪು, ಹಸಿರು, ನೀಲಿ ಮೂರೂ ಕೂಡಿದ್ದು. ಅದರಲ್ಲಿ ನೀಲಿ ಬಿಟ್ಟುಹೋದರೆ ಉಳಿಯುವುದು ಹಳದಿ. ಕೆಂಪು ಬಿಟ್ಟುಹೋದರೆ ಹಾಳೆ ಹಸಿರುಮಿಶ್ರಿತ ನೀಲಿಯಾಗುತ್ತದೆ, ಹಸಿರು ಬಿಟ್ಟುಹೋದರೆ ಗಾಢ ಗುಲಾಬಿಯಾಗುತ್ತದೆ. 1987ರಲ್ಲಿ ಐಬಿಎಂ ತಂದ ವಿಜಿಎ ವ್ಯವಸ್ಥೆಯಲ್ಲಿ ಈ ಮೂರು ಬಣ್ಣಗಳು ಮೂರು ಬೇರೆ ಬೇರೆ ತಂತಿಗಳಲ್ಲಿ ಅನಲಾಗ್ ಸಂಕೇತಗಳಾಗಿ ಸಾಗುತ್ತವೆ. ಮೂರು ಸಾಲುಗಳಲ್ಲಿರುವ 15 ಪಿನ್ನುಗಳಲ್ಲಿ ಮೊದಲನೆಯದು ಕೆಂಪಿನದು, ಎರಡನೆಯದು ಹಸಿರಿನದು, ಮೂರನೆಯದು ನೀಲಿಯದು. ಎಚ್‌ಡಿಎಂಐನಂಥ ಡಿಜಿಟಲ್ ಕೇಬಲ್ ಕೆಟ್ಟಾಗ ಪರದೆಯಲ್ಲಿ ಮಿಂಚುವ ಚುಕ್ಕೆಗಳು ಕಾಣಬಹುದು, ಇಲ್ಲವೆ ಚಿತ್ರವೇ ಹೋಗಬಹುದು. ಹೀಗೆ ಒಂದು ಬಣ್ಣ ಮಾತ್ರ ಕೈಕೊಟ್ಟು ಹಾಳೆ ಹಳದಿಯಾಗುವುದು ವಿಜಿಎಯ ಗುರುತು.

ಕೇಬಲ್ಲನ್ನು ಬಿಚ್ಚಿ ಬ್ಯಾಟರಿಯ ಬೆಳಕಿನಲ್ಲಿ ಪಿನ್ನುಗಳನ್ನು ನೋಡಿದೆ. ನಡುವಿನ ಸಾಲಿನ ಒಂದು ಪಿನ್ ಇರಲಿಲ್ಲ. ಅದು ಒಂಬತ್ತನೆಯದು, ಅನೇಕ ಕೇಬಲ್ಲುಗಳಲ್ಲಿ ತಯಾರಿಕೆಯಲ್ಲಿಯೇ ಅದನ್ನು ಬಿಟ್ಟಿರುತ್ತಾರೆ, ಆದ್ದರಿಂದ ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಉಳಿದವು ನೆಟ್ಟಗಿದ್ದವು. ಆದರೆ ಮೇಜಿನ ಅಂಚಿಗೂ ಗೋಡೆಗೂ ನಡುವೆ ಕೇಬಲ್ ಮಡಚಿಕೊಂಡಿದ್ದ ಕಡೆ, ಪ್ಲಗ್ಗಿನ ಕುತ್ತಿಗೆಯ ಹತ್ತಿರ, ಹೊರಗಿನ ಕಪ್ಪು ಹೊದಿಕೆ ಬಿಳಿಚಿ ಸೀಳುಬಿಟ್ಟಿತ್ತು. ಅಲ್ಲಿ ಬೆರಳಿನಿಂದ ಒತ್ತಿದರೆ ಹಾಳೆ ಹಳದಿಯಾಗುತ್ತಿತ್ತು, ಬಿಟ್ಟರೆ ಬಿಳಿಯಾಗುತ್ತಿತ್ತು. ಹೊಸ ಕೇಬಲ್ ತಂದು, ಎರಡು ತುದಿಯ ತಿರುಪುಗಳನ್ನೂ ಬಿಗಿದು, ಮೇಜನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಸರಿಸಿದ ಮೇಲೆ ಹಳದಿ ಮತ್ತೆ ಕಾಣಿಸಿಕೊಳ್ಳಲಿಲ್ಲ. ಮಾನಿಟರ್ ಬದಲಿಸಿ ಎಂದವರ ಮಾತು ಕೇಳಿದ್ದರೂ ಹಳದಿ ಹೋಗುತ್ತಿತ್ತೆಂಬುದನ್ನು ಇಲ್ಲಿ ಹೇಳಬೇಕು, ಏಕೆಂದರೆ ಹೊಸ ಮಾನಿಟರಿನ ಜೊತೆಗೆ ಹೊಸ ಕೇಬಲ್ಲೂ ಬರುತ್ತದೆ.

ಚೌಕಗಳು ಅಷ್ಟು ಸುಲಭವಾಗಿ ಸಿಗಲಿಲ್ಲ. ಮೊದಲಿಗೆ, ಚೌಕಗಳು ಬಿದ್ದಿದ್ದಾಗಲೇ ಪ್ರಿಂಟ್ ಸ್ಕ್ರೀನ್ ಗುಂಡಿಯನ್ನು ಒತ್ತಿ, ಆ ಚಿತ್ರವನ್ನು ಪೆನ್‌ಡ್ರೈವಿನಲ್ಲಿ ಒಯ್ದು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಚೌಕಗಳು ಆ ಚಿತ್ರದಲ್ಲಿಯೂ ಇದ್ದವು. ಕೇಬಲ್ಲಿನಲ್ಲಿಯೋ ಮಾನಿಟರಿನಲ್ಲಿಯೋ ಹುಟ್ಟಿದ ದೋಷ ಹೀಗೆ ಕಡತದೊಳಗೆ ಸೇರಿಕೊಳ್ಳಲು ಸಾಧ್ಯವಿಲ್ಲ. ಈ ಪರೀಕ್ಷೆ ಒಂದೇ ದಿಕ್ಕಿನಲ್ಲಿ ಸಾಕ್ಷಿ ನುಡಿಯುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು: ಚಿತ್ರದಲ್ಲಿ ಚೌಕ ಕಂಡರೆ ಮಾನಿಟರ್ ನಿರಪರಾಧಿ, ಆದರೆ ಚಿತ್ರ ಸ್ವಚ್ಛವಾಗಿದ್ದ ಮಾತ್ರಕ್ಕೆ ಕಾರ್ಡ್ ನಿರಪರಾಧಿಯಾಗುವುದಿಲ್ಲ, ಏಕೆಂದರೆ ಬಿಡಿಸಿದ ಚಿತ್ರ ಹೊರಗೆ ಹೋಗುವ ಹಂತದಲ್ಲಿಯೂ ಕಾರ್ಡ್ ತಪ್ಪಬಹುದು.

ಇನ್ನು ಉಳಿದದ್ದು ಡ್ರೈವರಿನ ದೋಷವೋ ಕಾರ್ಡಿನ ದೋಷವೋ ಎಂಬ ಪ್ರಶ್ನೆ. ಯಂತ್ರವನ್ನು ಸೇಫ್ ಮೋಡಿನಲ್ಲಿ, ಎಂದರೆ ತೀರ ಅಗತ್ಯವಾದವುಗಳನ್ನಷ್ಟೇ ಓಡಿಸುವ ಸ್ಥಿತಿಯಲ್ಲಿ, ಆರಂಭಿಸಿದರೆ ಚೌಕಗಳು ಬರುತ್ತಿರಲಿಲ್ಲ. ಇದನ್ನು ಕಂಡೊಡನೆ ಹಲವರು ಡ್ರೈವರೇ ಕೆಟ್ಟಿದೆ ಎಂದು ತೀರ್ಮಾನಿಸುತ್ತಾರೆ. ಆದರೆ ಸೇಫ್ ಮೋಡಿನಲ್ಲಿ ವಿಂಡೋಸ್ ತನ್ನ ಸರಳ ಡ್ರೈವರನ್ನಷ್ಟೇ ಬಳಸುವುದರಿಂದ ಕಾರ್ಡಿನ ಚಿಪ್ಪಿಗೆ ಹೇಳಿಕೊಳ್ಳುವಂಥ ಕೆಲಸವೇ ಇರುವುದಿಲ್ಲ. ದುಡಿಯುವಾಗ ಮಾತ್ರ ತಪ್ಪುವ ಕಾರ್ಡ್ ಅಲ್ಲಿ ಸುಮ್ಮನೆ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಆ ಪರೀಕ್ಷೆಯನ್ನು ಪಕ್ಕಕ್ಕಿಟ್ಟು, ಡ್ರೈವರನ್ನೇ ಪೂರ್ತಿಯಾಗಿ ತೆಗೆದು ಹೊಸದಾಗಿ ಹಾಕಿದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿರುವುದರಿಂದ ನಾವು ಈ ಯಂತ್ರಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ಜಿಫೋರ್ಸ್ 210ಕ್ಕೆ ಎನ್‌ವಿಡಿಯಾ ಕೊನೆಯದಾಗಿ ಕೊಟ್ಟ 342ರ ಸಾಲಿನ ಡ್ರೈವರನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ತಂದೆ. ಹಳೆಯ ಡ್ರೈವರಿನ ಚೂರುಪಾರು ಉಳಿಯದಂತೆ ಸೇಫ್ ಮೋಡಿನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಸಣ್ಣ ತಂತ್ರಾಂಶದಿಂದ ಅಳಿಸಿ, ನಂತರ ಇದನ್ನು ಹಾಕಿದೆ. ಬೆಳಿಗ್ಗೆ ಎಲ್ಲವೂ ಸರಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಚೌಕಗಳು ಮತ್ತೆ ಬಂದವು.

ಆ 'ಮಧ್ಯಾಹ್ನ' ಎಂಬುದೇ ಮುಂದಿನ ಸುಳಿವಾಯಿತು. ವಿಂಡೋಸಿನ ಈವೆಂಟ್ ವ್ಯೂವರ್‌ನಲ್ಲಿ, ಡ್ರೈವರ್ ನಿಂತು ಚೇತರಿಸಿಕೊಂಡ ಪ್ರತಿಯೊಂದು ಘಟನೆಯೂ 4101 ಎಂಬ ಸಂಖ್ಯೆಯಡಿ ವೇಳೆಯ ಸಮೇತ ದಾಖಲಾಗಿರುತ್ತದೆ. ವಿಸ್ಟಾದಿಂದ ಈಚೆಗೆ ವಿಂಡೋಸಿನಲ್ಲಿ ಒಂದು ಕಾವಲು ವ್ಯವಸ್ಥೆ ಇದೆ. ಕಾರ್ಡಿಗೆ ಒಪ್ಪಿಸಿದ ಕೆಲಸ 2 ಸೆಕೆಂಡುಗಳಲ್ಲಿ ಮುಗಿಯದೆ ಕಾರ್ಡ್ ಸ್ತಬ್ಧವಾದರೆ, ಇಡೀ ಯಂತ್ರ ಸಿಕ್ಕಿಹಾಕಿಕೊಳ್ಳದಿರಲೆಂದು ಅದು ಕಾರ್ಡನ್ನೂ ಡ್ರೈವರನ್ನೂ ಮರಳಿ ಆರಂಭಿಸುತ್ತದೆ. ಪರದೆ ಒಂದು ಗಳಿಗೆ ಕಪ್ಪಾಗುತ್ತಿದ್ದದ್ದು ಆಗಲೇ. ದಾಖಲೆಯಲ್ಲಿ ವೇಳೆಗಳನ್ನು ಸಾಲಾಗಿ ನೋಡಿದರೆ ಹೆಚ್ಚಿನವು ಊಟದ ಹೊತ್ತಿನಿಂದ ಸಂಜೆಯ ನಡುವೆ ಇದ್ದವು, ಬೆಳಗಿನವು ವಿರಳ. ವಿಂಡೋಸಿನ ಒಳಗಿನ ಹೊಂದಾಣಿಕೆಗಳಿರುವ ರಿಜಿಸ್ಟ್ರಿಯಲ್ಲಿ ಈ 2 ಸೆಕೆಂಡನ್ನು 8ಕ್ಕೋ 10ಕ್ಕೋ ಏರಿಸಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಕೆಲಸವೇ ದೊಡ್ಡದಾಗಿ ತಡವಾಗುವ ಕಡೆ ಅದಕ್ಕೆ ಅರ್ಥವಿದೆ. ಲಗ್ನಪತ್ರಿಕೆಯ ಬಳ್ಳಿಯೊಂದನ್ನು ಬಿಡಿಸಲಾಗದೆ ಕಾರ್ಡ್ ನಿಲ್ಲುತ್ತಿರುವಾಗ ಕಾಯುವ ಅವಧಿಯನ್ನು ಹೆಚ್ಚಿಸಿ ಆಗುವ ಲಾಭವೇನೆಂದು ನನಗೆ ಅರ್ಥವಾಗಲಿಲ್ಲ.

ಶಾಖದ ಮೇಲೆ ಅನುಮಾನ ಬಂದರೂ ಕಾರ್ಡನ್ನು ಮುಟ್ಟುವ ಮೊದಲು ಇನ್ನೊಂದು ಕವಲನ್ನು ಮುಚ್ಚಿಕೊಳ್ಳಬೇಕಿತ್ತು. ಜಿ41 ಚಿಪ್‌ಸೆಟ್ಟಿನೊಳಗೇ ಇಂಟೆಲ್‌ನ ಗ್ರಾಫಿಕ್ಸ್ ಇದೆ. ಕಾರ್ಡನ್ನು ಕಿತ್ತು, ನನ್ನ ಮಾನಿಟರನ್ನು ಮದರ್‌ಬೋರ್ಡಿನ ಪೋರ್ಟಿಗೆ ಸಿಕ್ಕಿಸಿ, ಗಿರಾಕಿಗಳ ಪರದೆಯನ್ನು ತಾತ್ಕಾಲಿಕವಾಗಿ ಬಿಟ್ಟುಕೊಟ್ಟು ಒಂದಷ್ಟು ದಿನ ಹಾಗೆಯೇ ಕೆಲಸ ಮಾಡಿದೆವು. ಕೋರೆಲ್ ನಿಧಾನವಾಯಿತು, ಆದರೆ ಎಂಥ ಬಿಸಿಲಿನ ಮಧ್ಯಾಹ್ನದಲ್ಲಿಯೂ ಚೌಕಗಳು ಬರಲಿಲ್ಲ. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇರುವುದಿಲ್ಲ, ಅದು ಕಂಪ್ಯೂಟರಿನ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ರ‍್ಯಾಮ್ ಕೆಟ್ಟಿದ್ದರೆ ಆಗಲೇ ಗೊತ್ತಾಗುವ ಸಂಭವ ಹೆಚ್ಚು. ಆದರೂ ರ‍್ಯಾಮನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿಟ್ಟೆ. ಬೆಳಿಗ್ಗೆ ಬಂದು ನೋಡಿದಾಗ ತಪ್ಪುಗಳ ಕಲಂ ಸೊನ್ನೆಯಲ್ಲಿತ್ತು. ಇಲ್ಲಿಗೆ ವಿಂಡೋಸ್, ಕೋರೆಲ್, ರ‍್ಯಾಮ್, ಮಾನಿಟರ್ ಎಲ್ಲವೂ ಪಟ್ಟಿಯಿಂದ ಹೊರಬಿದ್ದು, ಕಾರ್ಡ್ ಮತ್ತು ಕಾರ್ಡಿಗೆ ತಲುಪುವ ಗಾಳಿ ಹಾಗೂ ವಿದ್ಯುತ್ ಮಾತ್ರ ಉಳಿದವು.

ಕಿತ್ತ ಕಾರ್ಡನ್ನು ಅಂಗಡಿಯ ಹೊರಗೆ ಬೆಳಕಿನಲ್ಲಿ ಹಿಡಿದು ನೋಡಿದಾಗ ಚಿಪ್ಪಿನ ಶಾಖವನ್ನು ಗಾಳಿಗೆ ಬಿಡುವ ಹೀಟ್ ಸಿಂಕಿನ ಅಲ್ಯೂಮಿನಿಯಂ ಗರಿಗಳು ಕಾಣಿಸಲೇ ಇಲ್ಲ. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳು ಓಡುವಷ್ಟು ಕಾಲವೂ ಗಾಳಿಯಲ್ಲಿ ಭತ್ತದ ಹೊಟ್ಟಿನ ಸಣ್ಣ ಪುಡಿ ಇರುತ್ತದೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆಗೆ ಬೆರಳಿನಲ್ಲಿ ಹೆಸರು ಬರೆಯಬಹುದು. ಆ ಪುಡಿ ಫ್ಯಾನಿನ ಬೇರಿಂಗಿನಿಂದ ಜಿನುಗಿದ ಎಣ್ಣೆಯೊಂದಿಗೆ ಕೂಡಿ, ಗರಿಗಳ ಮೇಲೆ ಬೂದು ಬಣ್ಣದ ದಪ್ಪ ಪದರವಾಗಿ ಹೆಪ್ಪುಗಟ್ಟಿತ್ತು. ಉಗುರಿನಿಂದ ಎತ್ತಿದರೆ ಗರಿಗಳ ಅಚ್ಚು ಮೂಡಿದ ಪಟ್ಟಿಯೊಂದು ಇಡಿಯಾಗಿ ಎದ್ದುಬಂತು. ಫ್ಯಾನನ್ನು ಬೆರಳಿನಿಂದ ತಿರುಗಿಸಿದರೆ ಅರ್ಧ ಸುತ್ತಿಗೆ ನಿಲ್ಲುತ್ತಿತ್ತು. ಕಾರ್ಡನ್ನು ಕೀಳುವ ಮೊದಲೇ ಜಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ ಅದರ ತಾಪವನ್ನು ಬರೆದಿಟ್ಟುಕೊಂಡಿದ್ದೆ: ಬೆಳಿಗ್ಗೆ ಸುಮ್ಮನಿದ್ದಾಗ 68 ಡಿಗ್ರಿ, ಮಧ್ಯಾಹ್ನ ಕೆಲಸದ ನಡುವೆ 97. ಹೊರಗೆ 40 ದಾಟುವ ಬೇಸಿಗೆಯಲ್ಲಿ, ತಗಡಿನ ಛಾವಣಿಯ ಅಂಗಡಿಯಲ್ಲಿ, ಫ್ಯಾನ್ ನಿಂತ ಕಾರ್ಡಿಗೆ ಅದು ಆಶ್ಚರ್ಯದ ಸಂಖ್ಯೆಯಲ್ಲ.

ಸ್ವಚ್ಛಗೊಳಿಸುವ ಕೆಲಸದಲ್ಲಿ ಕೆಲವು ಎಚ್ಚರಗಳನ್ನು ಪಾಲಿಸಿದೆ. ಪ್ಲಗ್ ಕಿತ್ತ ಮೇಲೆ ಪವರ್ ಗುಂಡಿಯನ್ನು ಕೆಲವು ಗಳಿಗೆ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿದೆ. ಮೈಯ ಸ್ಥಿರ ವಿದ್ಯುತ್ ಚಿಪ್ಪುಗಳಿಗೆ ತಗಲದಂತೆ, ಭಾಗಗಳನ್ನು ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿದೆ. ಬ್ಲೋವರ್ ಹಿಡಿಯುವಾಗ ಕ್ಯಾಬಿನೆಟ್ಟಿನ ಫ್ಯಾನುಗಳು ತಿರುಗದಂತೆ ಬೆರಳಿನಿಂದ ತಡೆಯುವಂತೆ ಹುಡುಗನಿಗೆ ಹೇಳಿದೆ. ಬ್ಲೋವರಿನ ರಭಸಕ್ಕೆ ಅವು ತಮ್ಮ ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಆದರೆ ಫ್ಯಾನ್ ಗಿರ್ರೆಂದು ಸುತ್ತುವುದನ್ನು ನೋಡುವ ಆಸೆಯನ್ನು ಹುಡುಗರಿಂದ ಬಿಡಿಸುವುದು ಕಷ್ಟ. ಹೀಟ್ ಸಿಂಕನ್ನು ಎತ್ತಿದಾಗ ಚಿಪ್ಪಿನಿಂದ ಅದಕ್ಕೆ ಶಾಖ ದಾಟಿಸುವ ಹಳೆಯ ಪೇಸ್ಟ್ ಒಣಗಿ ಸುಣ್ಣದಂತೆ ಉದುರಿತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅಕ್ಕಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಹೀಟ್ ಸಿಂಕನ್ನು ಮರಳಿ ಕೂರಿಸಿದೆ. ಆ ಕಾರ್ಡಿಗೆ ಹೊಂದುವ ಪುಟ್ಟ ಫ್ಯಾನ್ ಇಲ್ಲಿ ಸಿಗಲಿಲ್ಲ, ಹೊಸಪೇಟೆಯಲ್ಲಿಯೂ ಸಿಗಲಿಲ್ಲ. ಆದ್ದರಿಂದ ಕ್ಯಾಬಿನೆಟ್ಟಿಗೆ ಹಾಕುವ 80 ಮಿಲಿಮೀಟರಿನ ಫ್ಯಾನೊಂದನ್ನು ಪ್ಲಾಸ್ಟಿಕ್ ಟ್ಯಾಗುಗಳಿಂದ ಹೀಟ್ ಸಿಂಕಿನ ಮೇಲೆಯೇ ಕಟ್ಟಿ, ಅದಕ್ಕೆ ಕಂಪ್ಯೂಟರಿನ ಭಾಗಗಳಿಗೆಲ್ಲ ವಿದ್ಯುತ್ ಒದಗಿಸುವ ಡಬ್ಬಿಯಾದ ಎಸ್‌ಎಂಪಿಎಸ್‌ನ ವೈರಿನಿಂದ ನೇರವಾಗಿ ವಿದ್ಯುತ್ ಕೊಟ್ಟೆ. ನೋಡಲು ಚೆಂದವಿಲ್ಲ, ಆದರೆ ಮಧ್ಯಾಹ್ನದ ತಾಪ 97ರಿಂದ 62ಕ್ಕೆ ಇಳಿಯಿತು.

ಮಧ್ಯಾಹ್ನದ ಚೌಕಗಳು ನಿಂತವು. ಆದರೆ ಬೆಳಗಿನ ವಿರಳ ಚೌಕಗಳು ನಿಲ್ಲಲಿಲ್ಲ, ಈಗ ಅವುಗಳಿಗೆ ಶಾಖದ ನೆಪವೂ ಉಳಿದಿರಲಿಲ್ಲ. ಕಾರ್ಡ್ 50 ಡಿಗ್ರಿಯ ಆಸುಪಾಸಿನಲ್ಲಿ ತಣ್ಣಗಿರುವಾಗಲೂ ಅವು ಬರುತ್ತಿದ್ದವು. ಯಾವಾಗ ಬರುತ್ತವೆಂದು ಗಮನಿಸತೊಡಗಿದಾಗ ಒಂದು ವಿಚಿತ್ರ ಹೊಂದಾಣಿಕೆ ಕಂಡಿತು. ಫೋಟೊ ಸ್ಟುಡಿಯೊದವರು ಮದುವೆಯ ಫೋಟೊಗಳನ್ನು ಇಂದಿಗೂ ಕೆಲವೊಮ್ಮೆ ಡಿವಿಡಿಯಲ್ಲಿ ತರುತ್ತಾರೆ. ಅದನ್ನು ಒಳಗೆ ತಳ್ಳಿ, ಡ್ರೈವಿನ ಮೋಟರು ವೇಗ ಹಿಡಿಯುವ ಸದ್ದು ಕೇಳುತ್ತಿದ್ದಂತೆಯೇ ಪರದೆಯಲ್ಲಿ ಚೌಕಗಳು ಬೀಳುತ್ತಿದ್ದವು. ಡಿವಿಡಿಗೂ ಚಿತ್ರಕ್ಕೂ ತಂತ್ರಾಂಶದ ದಾರಿಯಲ್ಲಿ ಯಾವ ನಂಟೂ ಇಲ್ಲ. ಅವೆರಡೂ ಕೂಡುವುದು ಒಂದೇ ಕಡೆ, ಎಸ್‌ಎಂಪಿಎಸ್‌ನ 12 ವೋಲ್ಟಿನ ಹಳದಿ ತಂತಿಯಲ್ಲಿ. ಡ್ರೈವಿನ ಮೋಟರು ಅಲ್ಲಿಂದಲೇ ವಿದ್ಯುತ್ ಎಳೆಯುತ್ತದೆ. ಜಿಫೋರ್ಸ್ 210ರಂಥ, ಸುಮಾರು 30 ವ್ಯಾಟ್ ಬಳಸುವ ಕಾರ್ಡಿಗೆ ಬೇರೆ ವೈರ್ ಇರುವುದಿಲ್ಲ; ಅದು ಮದರ್‌ಬೋರ್ಡಿನ ಸ್ಲಾಟಿನಿಂದಲೇ ವಿದ್ಯುತ್ ಪಡೆದು, ಅದನ್ನು ಚಿಪ್ಪಿಗೂ ಮೆಮೊರಿಗೂ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿಕೊಳ್ಳುತ್ತದೆ.

ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಖಾಲಿ ಇದ್ದ ನಾಲ್ಕು ಪಿನ್ನಿನ ಕನೆಕ್ಟರಿನ ಕಪ್ಪು ತಂತಿಗೆ ಕಪ್ಪು ಕಡ್ಡಿಯನ್ನೂ ಹಳದಿ ತಂತಿಗೆ ಕೆಂಪು ಕಡ್ಡಿಯನ್ನೂ ಹಿಡಿದೆ. ಯಂತ್ರ ಸುಮ್ಮನಿದ್ದಾಗ 11.7 ಇತ್ತು. ಕೋರೆಲ್‌ನಲ್ಲಿ ಚಿತ್ರ ಹಿಗ್ಗಿಸುತ್ತ ಹುಡುಗನಿಗೆ ಡಿವಿಡಿ ಹಾಕಲು ಹೇಳಿದಾಗ, ಮೋಟರು ಎದ್ದೊಡನೆ ಸಂಖ್ಯೆ 11.2ಕ್ಕೆ ಜಾರಿ ಸ್ವಲ್ಪ ಹೊತ್ತು ಅಲ್ಲಿಯೇ ತಡವರಿಸಿತು, ಚೌಕಗಳೂ ಬಂದವು. ನಿಗದಿತ ಮಾನದಂಡದ ಪ್ರಕಾರ ಈ ತಂತಿಯಲ್ಲಿ ನೂರಕ್ಕೆ 5ರಷ್ಟು ಏರಿಳಿತಕ್ಕೆ ಅವಕಾಶವಿದೆ, ಎಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದು, 12.6ಕ್ಕಿಂತ ಮೇಲೆ ಏರಬಾರದು. ಮಲ್ಟಿಮೀಟರ್ ತೋರಿಸುವುದು ಸರಾಸರಿಯನ್ನು ಮಾತ್ರ. ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಒಳಗಿನ ಕೆಪಾಸಿಟರುಗಳು ಬಳಲಿದಾಗ ವೋಲ್ಟೇಜಿನ ಮೇಲೆ ಏಳುವ ಸಣ್ಣ, ವೇಗದ ಅಲೆಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಸರಾಸರಿಯೇ ಇಷ್ಟು ಕುಸಿದಿದ್ದ ಮೇಲೆ ಅಲೆಗಳನ್ನು ಅಳೆಯುವ ಅಗತ್ಯ ನಮಗೆ ಬರಲಿಲ್ಲ.

ಮದರ್‌ಬೋರ್ಡಿನ ಮೇಲಿನ ಕೆಪಾಸಿಟರುಗಳನ್ನು ಒಂದೊಂದಾಗಿ ನೋಡಿದೆ. ತಲೆ ಉಬ್ಬಿದ್ದಾಗಲಿ, ಕಂದು ದ್ರವ ಸೋರಿದ್ದಾಗಲಿ ಒಂದೂ ಇರಲಿಲ್ಲ. ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಲು ಹೋಗಲಿಲ್ಲ, ಯಾರಿಗೂ ಹಾಗೆ ಮಾಡಲು ಹೇಳುವುದೂ ಇಲ್ಲ. ಮನೆಗೆ ಬರುವ 230 ವೋಲ್ಟ್ ಅದರೊಳಗೆ ಡಿಸಿಯಾದಾಗ 320 ವೋಲ್ಟ್ ದಾಟುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಉಳಿದಿರಬಹುದು. ಹೊರಗಿನ ಚೀಟಿಯನ್ನು ಓದಿದರೆ ಸಾಕಾಗಿತ್ತು. ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಎಂದಿದ್ದರೂ, ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಎದುರಿಗೆ 14 ಆಂಪಿಯರ್ ಎಂದಷ್ಟೇ ಇತ್ತು. ಗುಣಿಸಿದರೆ 168 ವ್ಯಾಟ್. ಪ್ರೊಸೆಸರ್, ಕಾರ್ಡ್, ಡಿಸ್ಕುಗಳ ಮೋಟರುಗಳೆಲ್ಲ ಹೆಚ್ಚಾಗಿ ನೆಚ್ಚಿಕೊಂಡಿರುವುದು ಈ ತಂತಿಯನ್ನೇ, ಆದ್ದರಿಂದ ಎಸ್‌ಎಂಪಿಎಸ್ ಕೊಳ್ಳುವಾಗ ಮುಖಬೆಲೆಯ ವ್ಯಾಟಿಗಿಂತ ಈ ಒಂದು ಸಾಲನ್ನು ನೋಡುವುದು ಲೇಸು. ಹೊಸದಾಗಿದ್ದಾಗ ನಮ್ಮ ಯಂತ್ರಕ್ಕೆ ಅಷ್ಟು ಸಾಕಾಗುತ್ತಿತ್ತು; ವರ್ಷಗಟ್ಟಲೆ ಬಿಸಿಯಲ್ಲಿ ಬೆಂದ ಡಬ್ಬಿಗೆ ಅಷ್ಟನ್ನು ಕೊಡುವ ಶಕ್ತಿ ಉಳಿದಿರಲಿಲ್ಲ. ಈ ಬಗೆಯ ಕೆಪಾಸಿಟರುಗಳ ಆಯುಷ್ಯ ತಾಪ 10 ಡಿಗ್ರಿ ಏರಿದಂತೆಲ್ಲ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಬಲ್ಲವರ ಲೆಕ್ಕ, ನಮ್ಮ ಕಡೆಯ ಬೇಸಿಗೆಯಲ್ಲಿ ಆ ಲೆಕ್ಕ ಬೇಗ ಮುಗಿಯುತ್ತದೆ.

ಹೊಸದನ್ನು ಕೊಳ್ಳುವ ಮೊದಲು, ಬಿಲ್ಲು ಬರೆಯುವ ಇನ್ನೊಂದು ಕಂಪ್ಯೂಟರಿನ ಎಸ್‌ಎಂಪಿಎಸ್ ಅನ್ನು ಕಳಚಿ ಇದಕ್ಕೆ ಜೋಡಿಸಿ ನೋಡಿದೆ. ಡಿವಿಡಿ ತಿರುಗುವಾಗಲೂ ಮೀಟರ್ 11.9ರ ಕೆಳಗೆ ಇಳಿಯಲಿಲ್ಲ, ಚೌಕಗಳೂ ಬರಲಿಲ್ಲ. ಆ ಮೇಲೆಯೇ ಹಣ ಕೊಟ್ಟೆ. ಹೊಸ ಎಸ್‌ಎಂಪಿಎಸ್ ಹಾಕಿದ ದಿನದಿಂದ ಈವೆಂಟ್ ವ್ಯೂವರ್‌ನಲ್ಲಿ 4101 ಮತ್ತೆ ದಾಖಲಾಗಿಲ್ಲ.

ಕಾರ್ಡಿನ ಚಿಪ್ಪಿನ ಬೆಸುಗೆ ಸಡಿಲವಾಗಿದೆ, ಒಲೆಯಲ್ಲಿಟ್ಟು ಕಾಯಿಸಿದರೆ ಕೂಡಿಕೊಳ್ಳುತ್ತದೆ ಎಂದು ನಡುವೆ ಒಬ್ಬರು ಹೇಳಿದ್ದುಂಟು. ಹಾಗೆ ಮಾಡಿದವರ ಕಾರ್ಡುಗಳು ಕೆಲವು ದಿನ ಓಡಿ ಮತ್ತೆ ನಿಲ್ಲುವುದನ್ನು ಕೇಳಿದ್ದೇನೆ. ಜೊತೆಗೆ ಕೆಟ್ಟ ಹೊಗೆ ಬರಬಹುದಾದ ವಸ್ತುವನ್ನು ಅಡುಗೆಯ ಒಲೆಗೆ ಇಡುವುದು ನನಗೆ ಒಪ್ಪಿಗೆಯಾಗಲಿಲ್ಲ. ಕಾರ್ಡನ್ನು ಬೆವರಿಳಿಸಿ ಪರೀಕ್ಷಿಸುವ ಫರ್‌ಮಾರ್ಕ್‌ನಂಥ ತಂತ್ರಾಂಶವನ್ನೂ ಓಡಿಸಲಿಲ್ಲ. ನಮ್ಮ ಕಾರ್ಡ್ ಮಾಡಬೇಕಾದ ಕಷ್ಟದ ಕೆಲಸವೆಂದರೆ ಬಳ್ಳಿಯ ಅಂಚನ್ನು ಹಿಗ್ಗಿಸಿ ತೋರಿಸುವುದು, ಪರೀಕ್ಷೆಗೂ ಅದೇ ಸಾಕು.

ಯಂತ್ರ ಈಗ ಸರಿಯಾಗಿದ್ದರೂ ಅದರ ಮೇಲಿನ ನಂಬಿಕೆಗೆ ಒಂದು ಮಿತಿ ಹಾಕಿಕೊಂಡಿದ್ದೇನೆ. ವಾರದ ರಜೆಯ ದಿನ ಹುಡುಗ ಮತ್ತು ನಾನು ಹಳೆಯ ಕಡತಗಳನ್ನು ಒಂದೊಂದಾಗಿ ತೆರೆದು, ಪಿಡಿಎಫ್ ಪ್ರತಿಯೊಂದನ್ನು ತೆಗೆದಿಟ್ಟು, ಪಠ್ಯವನ್ನು ಹೊಸ ಯಂತ್ರಗಳೂ ಓದಬಲ್ಲ ಯೂನಿಕೋಡಿಗೆ ಪರಿವರ್ತಿಸುತ್ತಿದ್ದೇವೆ. ಪರಿವರ್ತಕ ತಂತ್ರಾಂಶ ಬಹುಪಾಲು ಸರಿಯಾಗಿಯೇ ಮಾಡುತ್ತದೆ, ಆದರೆ ಅರ್ಕಾವತ್ತು ಇರುವ ಹೆಸರುಗಳಲ್ಲಿ ಆಗಾಗ ಎಡವುತ್ತದೆ. ಲಗ್ನಪತ್ರಿಕೆಯಲ್ಲಿ ಹೆಸರು ತಪ್ಪಿದರೆ ಏನಾಗುತ್ತದೆಂದು ಬಲ್ಲ ನಾವು ಪ್ರತಿಯೊಂದನ್ನೂ ಪಿಡಿಎಫ್‌ನೊಂದಿಗೆ ಹೋಲಿಸಿ ಓದುತ್ತೇವೆ. ಕಳೆದ ಮೂರು ವರ್ಷಗಳ ಕಡತಗಳು ಮುಗಿದಿವೆ, ಅಕ್ಕಿ ಚೀಲಗಳ ವಿನ್ಯಾಸಗಳನ್ನು ಇನ್ನೂ ಮುಟ್ಟಿಲ್ಲ.